ಪಿನ್ನು ಇನ್ನೂ ಬಂದಿಲ್ಲ

ಹೋದ ತಿಂಗಳು ನನ್ನ ಪಕ್ಕದ ಅಂಗಡಿಯ ಹಿರಿಯರು ತೀರಿಕೊಂಡರು. ಆಲೂರು ತಾಲ್ಲೂಕು ಕುಂದೂರು ಕಡೆಯ ಅವರ ಊರಿನಲ್ಲಿ, ಅವರದೇ ಹೊಲದ ಅಂಚಿನಲ್ಲಿ, ಹಣೆ ತುಂಬ ವಿಭೂತಿ ಬಳಿದು, ಕೂರಿಸಿ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಪಕ್ಕದಲ್ಲಿ ನಿಂತಿದ್ದ ಸಕಲೇಶಪುರದ ಅಂಗಡಿಯವನೊಬ್ಬ, "ಒಳ್ಳೇ ಮನುಷ್ಯ ಕಣ್ರೀ, ಆದ್ರೆ ಭಾರೀ ನಿಧಾನ. ಒಂದು ಪಿನ್ ತೆಗೆಯಕ್ಕೆ ಎರಡು ತಿಂಗ್ಳು ಮಾಡೋರು" ಎಂದ. ಸುತ್ತ ಇದ್ದ ನಾಲ್ಕು ಜನ ತಲೆ ತಗ್ಗಿಸಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕೊರಳಪಟ್ಟಿ ಹಿಡಿದು ನಾಲ್ಕು ಬಿಡೋಣ ಅನ್ನಿಸಿತು. ಬಿಡಲಿಲ್ಲ, ಆ ಯೋಗ್ಯತೆ ನನಗಿರಲಿಲ್ಲ. ಆ ಮನುಷ್ಯನ ನಿಧಾನದಿಂದ ಎಷ್ಟೋ ಜನ ಉಳಿದಿದ್ದರು. ನನ್ನ ಅವಸರದಿಂದ ಒಬ್ಬ ಸತ್ತ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರದು ಕೋವಿ ರಿಪೇರಿ ಕೆಲಸ. ಸಕಲೇಶಪುರದಿಂದ ಹೆತ್ತೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಸ್ಪ್ರೇಯರು, ಕಳೆ ಕೊಚ್ಚುವ ಮಷೀನು, ಪಂಪ್‌ಸೆಟ್ಟು, ಕೆಟ್ಟಿದ್ದು ಏನು ಬಂದರೂ ಸರಿ. ಅದಕ್ಕೆ ಅಂಟಿಕೊಂಡ ಹತ್ತಡಿ ಕೋಣೆ ಅವರದು. ನಡುವೆ ಒಂದು ತಗಡು ಬಿಟ್ಟರೆ ಬೇರೆ ಗೋಡೆಯಿಲ್ಲ. ಇಪ್ಪತ್ತೆರಡು ವರ್ಷ ಅವರ ಕೆಮ್ಮು, ಸೀನು, ಸುತ್ತಿಗೆಯ ಸದ್ದು ಎಲ್ಲ ನನಗೆ ಕೇಳುತ್ತಿತ್ತು. ನನ್ನ ಬೈಗುಳ ಅವರಿಗೆ ಕೇಳುತ್ತಿತ್ತು. "ಬೆಳಿಗ್ಗೆ ಎದ್ದು ಆ ಮಷೀನಿಗೆ ಅಷ್ಟು ಬಯ್ತೀಯಲ್ಲ ಮಾರಾಯ, ಅದುಕ್ಕೂ ಅಪ್ಪ ಅಮ್ಮ ಇಲ್ವಾ?" ಎಂದು ತಗಡಿನ ಆಚೆಯಿಂದ ಕೇಳುತ್ತಿದ್ದರು.

ಊರವರಿಗೆ ಅವರೊಂದು ತಮಾಷೆಯ ವಸ್ತು. ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮಧ್ಯಾಹ್ನ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಡೀ ಜನ್ಮದಲ್ಲಿ ಒಂದು ಹಕ್ಕಿಗೂ ಗುಂಡು ಹೊಡೆದವರಲ್ಲ. ರಿಪೇರಿ ಮುಗಿದ ಕೋವಿಯ ಗುರಿ ನೋಡಬೇಕಾದರೆ ಕೋವಿಯ ಯಜಮಾನನಿಗೇ ಹೇಳಿ, ತಾವು ಕಿವಿಗೆ ಹತ್ತಿ ತುರುಕಿಕೊಂಡು ದೂರ ನಿಲ್ಲುತ್ತಿದ್ದರು. "ಅಲ್ಲಾ ಅಣ್ಣ, ಉಪ್ಪು ತಿನ್ನದೋನು ಉಪ್ಪಿನಕಾಯಿ ಅಂಗಡಿ ಇಟ್ಟಂಗಾಯ್ತಲ್ಲ ನಿಮ್ ಕತೆ" ಎಂದು ನಾನು ರೇಗಿಸಿದರೆ, ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದರು, ಅಷ್ಟೆ.

ನಮ್ಮ ಕಡೆ ಬೆಳೆ ಕಾಯಲಿಕ್ಕೆಂದು ಲೈಸೆನ್ಸ್ ಕೋವಿ ಇಟ್ಟುಕೊಂಡವರು ಬಹಳ. ಎಲೆಕ್ಷನ್ ಬಂತೆಂದರೆ ಅಷ್ಟನ್ನೂ ಸ್ಟೇಷನ್ನಿಗೆ ಒಪ್ಪಿಸಬೇಕು. ಅಲ್ಲಿ ಸೌದೆ ಒಟ್ಟಿದ ಹಾಗೆ ಒಂದರ ಮೇಲೊಂದು ಒಟ್ಟಿರುತ್ತಾರೆ. ಪಾಪ, ಅವರಾದರೂ ಎಲ್ಲಿಡಬೇಕು. ವಾಪಸು ಬರುವಾಗ ಒಂದಕ್ಕೆ ತುಕ್ಕು, ಒಂದಕ್ಕೆ ಹಿಡಿ ಬಿರುಕು, ಮತ್ತೊಂದಕ್ಕೆ ಮುಂದಿನ ಸೈಟು ಸೊಟ್ಟ. ಮುಂದಿನ ಸೈಟು ಅಂದರೆ ನಳಿಗೆಯ ತುದಿಯಲ್ಲಿ, ಗುರಿ ಹಿಡಿಯಲು ನಿಲ್ಲಿಸಿರುವ ಉಗುರಿನಷ್ಟು ಕಬ್ಬಿಣ. ಅದು ಒಂದು ಅಕ್ಕಿಕಾಳಿನಷ್ಟು ಓರೆಯಾದರೂ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ನಳಿಗೆಗೆ ಹಿಡಿದಿರುವುದು ಅಡ್ಡಕ್ಕೆ ಹೊಡೆದ ಒಂದು ಸಣ್ಣ ಪಿನ್ನು. ಸೈಟು ಸರಿಮಾಡಬೇಕಾದರೆ ಮೊದಲು ಆ ಪಿನ್ನು ಬರಬೇಕು, ಅದು ಸುಲಭಕ್ಕೆ ಬರುವುದಿಲ್ಲ.

ಪಿನ್ನು ತೆಗೆಯುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಲೇತಿನ ಮುಂದೆ ಮೂವತ್ತು ವರ್ಷ ನಿಂತವನು ಈ ಮಾತು ಹೇಳುತ್ತಿದ್ದೇನೆ, ಸುಮ್ಮನೆ ಅಲ್ಲ. ಆ ಪಿನ್ನಿನ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಸಣ್ಣದಿರುತ್ತದೆ. ಸಣ್ಣ ತುದಿಯಿಂದ ಹೊಡೆದರೆ ಬರುತ್ತದೆ, ದಪ್ಪ ತುದಿಯಿಂದ ಹೊಡೆದರೆ ಇನ್ನೂ ಬಿಗಿಯುತ್ತದೆ. ಯಾವುದು ಸಣ್ಣದು ಎಂದು ನಾನು ಭೂತಗನ್ನಡಿ ಹಿಡಿದು ಹುಡುಕಬೇಕು. ಅವರು ಹೆಬ್ಬೆರಳಿನ ಉಗುರು ಆಡಿಸಿ ಹೇಳುತ್ತಿದ್ದರು.

ಮಾರನಹಳ್ಳಿಯ ಕಡೆಯಿಂದ ಒಮ್ಮೆ ಒಂದು ರೈಫಲ್ ಬಂತು. ಯಾರೋ ಮಹಾನುಭಾವ ದಪ್ಪ ತುದಿಯಿಂದಲೇ ಬಡಿದು ಬಡಿದು ಪಿನ್ನಿನ ತಲೆ ಅಣಬೆಯ ಹಾಗೆ ಅರಳಿಸಿಟ್ಟಿದ್ದ. ಇವರು ನಳಿಗೆಯನ್ನು ಹೊನ್ನೆ ಮರದ ಅಚ್ಚಿನ ಮೇಲೆ ಮಲಗಿಸಿದರು, ಅರಳಿದ ಅಂಚನ್ನು ಅರದಿಂದ ಉಜ್ಜಿದರು, ಸೀಮೆಎಣ್ಣೆಗೆ ಗೇರ್ ಆಯಿಲ್ ಬೆರೆಸಿ ಎರಡು ಹನಿ ಬಿಟ್ಟರು, ಆಮೇಲೆ ಕೈಕಟ್ಟಿ ಕೂತರು. ಒಂದು ದಿನವಲ್ಲ, ಎಂಟು ದಿನ. ದಿನಾ ಎರಡು ಹನಿ, ಮೊಂಡು ಉಳಿಯಂಥ ಹಿತ್ತಾಳೆ ಪಂಚು ಇಟ್ಟು ಎರಡು ಏಟು. ನನಗೆ ತಡೆಯಲಾಗಲಿಲ್ಲ. "ಕೊಡಿ ಅಣ್ಣ, ಡ್ರಿಲ್ ಹಾಕಿ ಐದು ನಿಮಿಷದಲ್ಲಿ ಹಾರಿಸ್ತೀನಿ" ಎಂದೆ.

"ನಿನ್ ಡ್ರಿಲ್ಲು ನಿನ್ ಹತ್ರಾನೇ ಮಡಿಕ್ಕೊ. ಪಿನ್ನಿಗೆ ಸಿಟ್ಟು ಬಂದೈತೆ, ಆರ್ಲಿ" ಎಂದರು.

ಒಂಬತ್ತನೆಯ ದಿನ ಸುತ್ತಿಗೆಯ ಸದ್ದು ಬದಲಾದದ್ದು ತಗಡಿನ ಈಚೆಗೇ ನನಗೆ ಗೊತ್ತಾಯಿತು. ಬಿಗಿದಿರುವ ಪಿನ್ನಿಗೆ ಹೊಡೆದರೆ ಟಿಣ್ ಎನ್ನುತ್ತದೆ. ಜರುಗಿದ ಪಿನ್ನಿಗೆ ಹೊಡೆದರೆ ಟುಕ್. ಆ ಟುಕ್ ಕೇಳಿದಾಗ, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ಗಿರಾಕಿ ಬಂದರೆ ಅವರು ಮೊದಲು ಕೋವಿ ನೋಡುತ್ತಿರಲಿಲ್ಲ. ಅದನ್ನು ಬೆಂಚಿನ ಮೇಲೆ ಇಡುವ ಕೈ ನೋಡುತ್ತಿದ್ದರು. ನಳಿಗೆ ಗೋಡೆಯ ಕಡೆ ತಿರುಗಿಸಿ ಮೆಲ್ಲಗೆ ಇಟ್ಟವನಿಗೆ "ನಾಳೆ ಬನ್ನಿ." ಹೇಗೆಂದರೆ ಹಾಗೆ ಧೊಪ್ಪನೆ ಇಟ್ಟವನಿಗೆ "ಕೂತ್ಕಳಿ. ಊಟ ಆಯ್ತಾ? ಮನೇಲೆಲ್ಲ ಹೆಂಗವ್ರೆ?" ಈ ಪ್ರಶ್ನೆ ಉಪಚಾರಕ್ಕೆ ಅಂದುಕೊಂಡಿದ್ದೆ. ಅಲ್ಲ. ಅವರು ನಿಜವಾಗಿ ಉತ್ತರಕ್ಕೆ ಕಾಯುತ್ತಿದ್ದರು.

ಈಗ ಮುಖ್ಯ ವಿಷಯ. ಇದು ನನಗೆ ಆಮೇಲೆ, ಎಲ್ಲ ಮುಗಿದ ಮೇಲೆ, ನನ್ನ ಹೆಂಡತಿಯಿಂದ ಗೊತ್ತಾದದ್ದು. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಸೀಮೆಯ ಹೆಂಗಸರಿಗೆಲ್ಲ ಒಂದು ಗುಟ್ಟು ತಿಳಿದಿತ್ತು. ಮನೆಯಲ್ಲಿ ಗಂಡನೋ ಮಗನೋ ಸಿಟ್ಟಿನಲ್ಲಿದ್ದಾನೆ, ಗಡಿ ಜಗಳವೋ ಕುಡಿತವೋ ಇನ್ನೇನೋ, ಕೈಗೆ ಕೋವಿ ಸಿಕ್ಕರೆ ಅನಾಹುತ ಅನ್ನುವಾಗ, ಏನಾದರೂ ನೆವ ಹೇಳಿ ಕೋವಿಯನ್ನು ಇವರ ಅಂಗಡಿಗೆ ಕಳಿಸುತ್ತಿದ್ದರು. ಹಿಂದೆಯೇ ತಾವೊಬ್ಬರೇ ಬಂದು, ಹೊಸಲು ದಾಟದೆ ನಿಂತು, "ಅಣ್ಣಾ, ಅದು ಇಲ್ಲೇ ಇರ್ಲಿ" ಎನ್ನುತ್ತಿದ್ದರು. ಅಷ್ಟೇ ಮಾತು. ಅಲ್ಲಿಂದ ಮುಂದೆ ಗಂಡಸು ಎಷ್ಟು ಸಲ ಬಂದರೂ ಒಂದೇ ಉತ್ತರ: "ಪಿನ್ನು ಇನ್ನೂ ಬಂದಿಲ್ಲ ಕಣಪ್ಪ." ಗಿರಾಕಿ ಎದುರಿಗೇ ಕೂತರೆ ಸುತ್ತಿಗೆ ತಗೊಂಡು ಬಡಿದು ತೋರಿಸುತ್ತಿದ್ದರು. ಪಿನ್ನಿಗಲ್ಲ, ಬೆಂಚಿಗೆ ಬಿಗಿದ ಕಬ್ಬಿಣದ ವೈಸಿಗೆ. ಅದು ಚೆನ್ನಾಗಿ ಟಿಣ್ ಎನ್ನುತ್ತಿತ್ತು. ಹೆಂಗಸು ಮತ್ತೆ ಬಂದು "ಈಗ ಕೊಡಬೌದು" ಎಂದ ದಿನ ಪಿನ್ನು ಬರುತ್ತಿತ್ತು.

"ಇಷ್ಟು ವರ್ಷ ನನಗೊಂದು ಮಾತು ಹೇಳಲಿಲ್ವಲ್ಲೇ" ಎಂದು ಹೆಂಡತಿಯನ್ನು ಕೇಳಿದೆ.

"ಒಬ್ಬ ಗಂಡಸಿಗೆ ಹೇಳಿದ್ರೆ ಗುರುವಾರದ ಸಂತೆಗೆಲ್ಲ ಹೇಳ್ದಂಗೆ. ಅವ್ರು ಹಂಗಂತ ನಮ್ ಹತ್ರ ಮಾತು ತಗಂಡಿದ್ರು" ಎಂದಳು. ಆಮೇಲೆ, "ನಿಮ್ಮಪ್ಪನ ಕೋವಿ ನಾಕು ತಿಂಗ್ಳು ಅಲ್ಲಿತ್ತಲ್ಲ, ಯಾಕೆ ಅಂದ್ಕಂಡ್ರಿ?" ಎಂದಳು.

ನನ್ನ ತಂಗಿಯ ಗಂಡ ಅವಳಿಗೆ ಕೈಮಾಡಿದ ವರ್ಷ ಅದು. ನಾನು ಕುಡಿದು ಅಂಗಳದಲ್ಲಿ ನಿಂತು, ಅವನನ್ನು ಸುಟ್ಟುಬಿಡುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದೆ. ಮಾರನೆಯ ದಿನ ಕೋವಿಗೆ ತುಕ್ಕು ಬಂದಿದೆಯೆಂದು ಇವಳೇ ಅದನ್ನು ರಿಪೇರಿಗೆ ಕೊಡಿಸಿದ್ದಳು. ಪಕ್ಕದ ಕೋಣೆಯಲ್ಲೇ ನೇತಾಡುತ್ತಿದ್ದ ಅದನ್ನು ನಾಲ್ಕು ತಿಂಗಳು ಕೇಳಿ ಕೇಳಿ ಸುಸ್ತಾಗಿದ್ದೆ. ವಾಪಸು ಬರುವ ಹೊತ್ತಿಗೆ ಅವನ ಜೊತೆಗೇ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೆ. ಇಷ್ಟಾದರೂ ನನ್ನ ಮರಮಂಡೆಗೆ ಏನೂ ಹೊಳೆದಿರಲಿಲ್ಲ. ಮುದುಕನಿಗೆ ಕೈ ಸೋತಿದೆ ಅಂತ ಅಂಗಡಿಗೆ ಬಂದವರ ಹತ್ತಿರವೆಲ್ಲ ಆಡಿಕೊಂಡಿದ್ದೆ.

ಐದು ವರ್ಷದ ಹಿಂದೆ ಪಂಚಾಯ್ತಿ ಎಲೆಕ್ಷನ್ ಬಂತು. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ. ಕಾಫಿ ಕೊಯ್ಲು ಶುರುವಾಗಿತ್ತು, ಆನೆಗಳೂ ತೋಟಗಳಿಗೆ ಇಳಿದಿದ್ದವು. ಹೆತ್ತೂರು ಕಡೆಯ ಒಬ್ಬ ಬೆಳೆಗಾರ, ಹತ್ತೆಕರೆ ತೋಟದವನು, ಎಲ್ಲರಂತೆ ರೈಫಲ್ಲನ್ನು ಸ್ಟೇಷನ್ನಿಗೆ ಕೊಟ್ಟಿದ್ದ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವನ ತಮ್ಮ ಕಾಫಿ ಒಣಗಿಸುವ ಕಣದ ಕಡೆ ಹೋಗುವಾಗ, ಮಂಜಿನಲ್ಲಿ ನಿಂತಿದ್ದ ಒಂಟಿ ಸಲಗ ಅವನನ್ನು ತುಳಿದು ಹಾಕಿತು. ಹೆಣ ಎತ್ತುವಾಗಲೇ ಅಣ್ಣ ಎಲ್ಲರೆದುರು ಆಣೆ ಮಾಡಿದನಂತೆ: "ಕೋವಿ ಮನೇಲಿ ಇದ್ದಿದ್ರೆ ಇವನು ಬದುಕ್ತಿದ್ದ. ಕೋವಿ ಬರ್ಲಿ, ಅದನ್ನ ಮಲಗಿಸ್ತೀನಿ."

ಎಲೆಕ್ಷನ್ ಮುಗಿದು ಕೋವಿ ಬಂತು. ಮುಂದಿನ ಸೈಟು ಪೂರ್ತಿ ಒಂದು ಕಡೆಗೆ ವಾಲಿತ್ತು. ಸ್ಟೇಷನ್ನಿನಿಂದ ಸೀದಾ ಪಕ್ಕದ ಅಂಗಡಿಗೆ ತಂದು ಬೆಂಚಿನ ಮೇಲೆ ಎಸೆದ ಸದ್ದಿಗೆ ನಾನು ಈ ಕಡೆ ಬೆಚ್ಚಿಬಿದ್ದೆ.

"ಊಟ ಆಯ್ತಾ?" ಎಂದು ಇವರು ಕೇಳಿದ್ದು ಕೇಳಿಸಿತು.

"ನನ್ ತಮ್ಮ ಸತ್ತು ಹದ್ನೆಂಟು ದಿನ ಆಯ್ತು. ಊಟ ಕೇಳ್ತೀರಲ್ಲ. ಸೈಟು ನೆಟ್ಟಗೆ ಮಾಡ್ಕೊಡಿ, ನಾಳಿಕ್ಕೆ ಬೇಕು."

"ಪಿನ್ನು ಬಿಗಿ ಐತೆ. ನೋಡ್ತೀನಿ."

ಮೂರನೆಯ ದಿನ ಒಬ್ಬ ಹೆಂಗಸು ಬಂದು ಅವರ ಬಾಗಿಲಲ್ಲಿ ನಿಂತರು. ಮೂಗು ಬಾಯಿ ಮುಚ್ಚಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಎರಡು ಮಾತಾಡಿ ಹೊರಟುಹೋದರು. ಕೋವಿ ಬೇಗ ಕೊಡಿ ಅಂತ ಗಂಡ ಕಳಿಸಿರಬೇಕು ಎಂದುಕೊಂಡೆ. ಅವರು ಆ ಬೆಳೆಗಾರನ ಹೆಂಡತಿ. ಬಂದದ್ದು ಅದಕ್ಕೆ ತದ್ವಿರುದ್ಧವಾದ ಕೆಲಸಕ್ಕೆ. ಒಂಟಿ ಸಲಗದ ಎದುರಿಗೆ ಸಿಟ್ಟಿನಲ್ಲಿ ಹೋದವನು ತಿರುಗಿ ಬರುವುದಿಲ್ಲ ಎಂಬುದು ಆ ಹೆಣ್ಣುಮಗಳಿಗೆ ಚೆನ್ನಾಗಿ ಗೊತ್ತಿತ್ತು. ಇವರು ಆಕೆಗೆ, "ಹೋಗವ್ವ, ಧೈರ್ಯವಾಗಿರು. ನೀನು ಹೇಳೋವರ್ಗೂ ಆ ಪಿನ್ನು ಬರಲ್ಲ" ಎಂದಿದ್ದರಂತೆ.

ಪ್ರತಿ ಗುರುವಾರ ಸಂತೆಗೆ ಬಂದಾಗ ಬೆಳೆಗಾರ ಅವರ ಅಂಗಡಿಗೆ ಬರುತ್ತಿದ್ದ. ಮೊದಲ ವಾರ ಗೊಣಗಿದ. ಎರಡನೆಯ ವಾರ ಬೈದ. ಮೂರನೆಯ ವಾರ ಮಾತಾಡಲೇ ಇಲ್ಲ, ಬಾಗಿಲಲ್ಲಿ ನಿಂತು ಗೋಡೆಯ ಮೊಳೆಗೆ ನೇತುಹಾಕಿದ್ದ ಕೋವಿಯನ್ನೇ ನೋಡಿ ಹೋದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಕ್ಕೆ ಹೋಗಿತ್ತು. ನಾಲ್ಕನೆಯ ವಾರ ನನ್ನ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತ. "ಬೆಳಿಗ್ಗೆ ಎದ್ರೆ ಅದರ ಲದ್ದಿ ಕಣದಲ್ಲಿ ಬಿದ್ದಿರ್ತದೆ. ಫೋನಿಗೆ ಫಾರೆಸ್ಟ್‌ನೋರ ಮೆಸೇಜ್ ಬರ್ತದೆ, ಇಂಥ ತೋಟದಲ್ಲಿ ಆನೆ ಐತೆ, ಹುಷಾರು ಅಂತ. ಯಾರ್ ತೋಟ ಅಂದ್ರೆ ನಮ್ದೇ" ಎಂದ. ಕೂಗಿ ಹೇಳಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಹೇಳಿದ.

ಆ ಸಂಜೆ ನಾನೇ ಅವರನ್ನು ಕೇಳಿದೆ. "ಅಣ್ಣ, ಅವನ ಮುಖ ನೋಡಕ್ಕಾಗಲ್ಲ. ನಿಮ್ ಕೈಲಿ ಆಗದಿದ್ರೆ ನನಗಾದ್ರೂ ಕೊಡಿ."

"ಆಗ್ತದೆ. ಸ್ವಲ್ಪ ದಿನ ಹೋಗ್ಲಿ ಕಣೋ."

"ತಿಂಗಳಾಯ್ತಲ್ಲ ಮಾರಾಯ್ರೇ!"

"ಒಂದು ಹೂಮಳೆ ಬಿದ್ದು ಹೋಗ್ಲಿ. ಕಾಫಿ ಹೂ ಬಿಟ್ರೆ ಅವನಿಗೆ ತೋಟದ ಕೆಲಸ ನೆನಪಾಗ್ತದೆ" ಎಂದರು. ಪಿನ್ನಿಗೂ ಹೂಮಳೆಗೂ ಏನು ಸಂಬಂಧ ಎಂದು ನಾನು ಕೇಳಬೇಕಿತ್ತು. ಮುದುಕನಿಗೆ ಅರಳುಮರಳು ಎಂದುಕೊಂಡು ಮನೆಗೆ ಹೋದೆ.

ಐದನೆಯ ವಾರ, ಬುಧವಾರ, ಅವರ ಸಂಬಂಧಿಕರೊಬ್ಬರು ತೀರಿಕೊಂಡು ಅವರು ಕುಂದೂರಿಗೆ ಹೋದರು. ಕೀ ಯಾವಾಗಲೂ ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದರು. "ನಾಡಿದ್ದು ಬರ್ತೀನಿ. ಯಾರಿಗೂ ಏನೂ ಕೊಡಬ್ಯಾಡ" ಎಂದರು. ಈ ಮಾತು ಪ್ರತಿ ಸಲವೂ ಹೇಳುತ್ತಿದ್ದದ್ದೇ, ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ.

ಗುರುವಾರ ಹನ್ನೊಂದು ಗಂಟೆಗೆ ಅವನು ಬಂದ. ಪಕ್ಕದ ಬಾಗಿಲಿಗೆ ಬೀಗ ನೋಡಿ ನನ್ನ ಅಂಗಡಿಗೆ ಹತ್ತಿದ. ಅಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೆದುರಿಗೆ, "ನೀನು ಲೇತ್ ಇಟ್ಟಿದ್ದೀಯ, ವೆಲ್ಡಿಂಗ್ ಇಟ್ಟಿದ್ದೀಯ, ಒಂದು ಪಿನ್ ತೆಗೆಯಕ್ಕಾಗಲ್ವಾ?" ಎಂದ.

ನೋಡಿ, ನನ್ನ ಕತೆ ಕೆಟ್ಟದ್ದು ಇಲ್ಲೇ. ಅಯ್ಯೋ ಪಾಪ ಎಂಬ ಕನಿಕರವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೈ ತುರಿಸಿದ್ದು ಕನಿಕರಕ್ಕಲ್ಲ. ಎಂಟು ದಿನ ಎಣ್ಣೆ ಬಿಟ್ಟುಕೊಂಡು ಕೂರುವ ಮುದುಕನ ಮುಂದೆ ನಾನೇನು ಕಡಿಮೆ ಎಂಬ ಉರಿ ಒಳಗೆ ಎಷ್ಟು ವರ್ಷದಿಂದ ಇತ್ತೋ. ಬೀಗ ತೆಗೆದೆ, ಕೋವಿ ಇಳಿಸಿದೆ, ಅವರದೇ ಹೊನ್ನೆ ಅಚ್ಚಿನ ಮೇಲೆ ಮಲಗಿಸಿದೆ. ಭೂತಗನ್ನಡಿ ಹಿಡಿದು ಸಣ್ಣ ತುದಿ ಹುಡುಕಿದೆ. ಅವರದೇ ಹಿತ್ತಾಳೆ ಪಂಚು ಇಟ್ಟು ಒಂದು ಏಟು ಹೊಡೆದೆ.

ಟುಕ್.

ಪಿನ್ನು ಬೆಂಚಿನ ಮೇಲೆ ಉರುಳಿತು. ಒಂದೇ ಏಟಿಗೆ. ಎತ್ತಿ ನೋಡಿದರೆ ತುಕ್ಕಿನ ಗುರುತಿಲ್ಲ, ಎಣ್ಣೆ ಸವರಿ ಒರೆಸಿಟ್ಟಷ್ಟು ಚೊಕ್ಕಟ. ಆಗ ಒಂದು ಗಳಿಗೆ ಮನಸ್ಸು ಅಳುಕಿತು, ಇದರಲ್ಲಿ ಏನೋ ಇದೆ ಅನ್ನಿಸಿತು. ಅಷ್ಟರಲ್ಲಿ ಅವನು ನನ್ನ ಬೆನ್ನು ತಟ್ಟಿ, "ಭಲೇ! ಇದು ಕಣಯ್ಯ ಕೆಲಸ ಅಂದ್ರೆ" ಎಂದ. ಗಿರಾಕಿಗಳಿಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಎದೆ ಉಬ್ಬಿತು. ಸೈಟು ನೆಟ್ಟಗೆ ಮಾಡಿ, ಪಿನ್ನು ಹೊಡೆದು, ಕೋವಿಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹೆಗಲಿಗೇರಿಸಿ ಸಂತೆಯ ಕಡೆಗೂ ಹೋಗದೆ ಸೀದಾ ಜೀಪು ಹತ್ತಿದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇವರು ಬಂದರು. ಬಾಗಿಲು ತೆಗೆದವರು ಖಾಲಿ ಮೊಳೆ ನೋಡಿ ನಿಂತುಬಿಟ್ಟರು. ನಾನು ಹಿಂದೆಯೇ ಹೋಗಿ ಹಲ್ಲು ಕಿರಿಯುತ್ತ, "ನಾನೇ ಕಣಣ್ಣ, ತೆಗೆದು ಕೊಟ್ಟೆ. ಒಂದೇ ಏಟು" ಎಂದೆ.

ಅವರು ಬೆಂಚು ಹಿಡಿದುಕೊಂಡರು. "ಅದು ಬಂದಿತ್ತು ಕಣೋ" ಎಂದರು. "ಅವನು ಕೊಟ್ಟುಹೋದ ಮಾರನೇ ದಿನಾನೇ ತೆಗ್ದಿದ್ದೆ. ತೆಗ್ದು, ಸುಮ್ನೆ ಸಿಗ್ಸಿ ಇಟ್ಟಿದ್ದೆ. ಯಾವಾಗ ತಗೊಂಡೋದ?"

"ನಿನ್ನೆ."

"ಬೈಕ್ ತೆಗಿ."

ಅಷ್ಟು ಸಣ್ಣ ದನಿ ನಾನು ಅವರ ಬಾಯಿಂದ ಕೇಳಿರಲಿಲ್ಲ. ದಾರಿಯಲ್ಲಿ ಹಿಂದೆ ಕೂತು ಅವರು ಇಷ್ಟೇ ಹೇಳಿದರು: "ಅವನ ಹೆಂಡ್ರಿಗೆ ಮಾತು ಕೊಟ್ಟಿದ್ದೆ, ಕೋವಿ ಬರಲ್ಲ ಅಂತ." ಹೆತ್ತೂರು ದಾಟಿದ ಮೇಲೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಕೊಯ್ಲಿನ ಕಾಲದಲ್ಲಿ ಆ ಹೊತ್ತಿಗೆ ಆಳುಗಳನ್ನು ತುಂಬಿಕೊಂಡ ಪಿಕಪ್ಪುಗಳು ಓಡಾಡಬೇಕು, ಒಂದೂ ಇಲ್ಲ. ಜೇಬಿನಲ್ಲಿ ನನ್ನ ಫೋನು ಎರಡು ಸಲ ಗುಂಯ್‌ಗುಟ್ಟಿತು. ತೆಗೆದು ನೋಡುವ ಧೈರ್ಯ ಬರಲಿಲ್ಲ.

ಅವನ ಮನೆಯ ಮುಂದಿನ ಕಣದಲ್ಲಿ ಆ ಹೆಣ್ಣುಮಗಳು ನಿಂತಿದ್ದರು. ಕಾಫಿ ಹರಡಿದ್ದ ಟಾರ್ಪಾಲಿನ ಅಂಚಿನಲ್ಲಿ, ಕೈಯಲ್ಲಿ ಹರಗುವ ಕೋಲು ಹಿಡಿದು, ತೋಟದ ಕಡೆಗೇ ನೋಡುತ್ತ. ನಮ್ಮ ಕಡೆ ತಿರುಗಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಓಡಿಬಂದು ಹೇಳಿದ: "ಬೆಳಿಗ್ಗೆ ಆರಕ್ಕೇ ಹೋದ್ರು ಸಾರ್. ನಾನು ಬರ್ತೀನಿ ಅಂದೆ, ಬ್ಯಾಡ ಅಂದ್ಬುಟ್ರು. ಸಲಗ ಕೆಳಗಿನ ಬಿದಿರು ಹಳ್ಳದಲ್ಲೇ ಐತೆ. ಫಾರೆಸ್ಟ್‌ನೋರಿಗೆ ಫೋನ್ ಮಾಡಿದೀನಿ."

ಇವರು ಚಪ್ಪಲಿ ಬಿಟ್ಟು ತೋಟಕ್ಕೆ ಇಳಿಯಲು ಹೊರಟರು. ರೈಟರ್ ಅವರ ರಟ್ಟೆ ಹಿಡಿದ. "ನಿಮ್ ಕಾಲು ಹಿಡೀತೀನಿ, ಬ್ಯಾಡಿ" ಎಂದ. ನಾಯಿ ಕೂಡ ಬೊಗಳದೆ ಜಗಲಿಯ ಕೆಳಗೆ ಸೇರಿಕೊಂಡಿತ್ತು. ನಾವು ನಾಲ್ಕು ಜನ ಹಾಗೇ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ.

ಒಂದು ಗುಂಡಿನ ಸದ್ದು ಕೇಳಿತು.

ಹಿಂದೆಯೇ ಆನೆ ಘೀಳಿಟ್ಟಿತು, ಮರ ಮುರಿದವು. ಎರಡನೆಯ ಗುಂಡಿಗೆ ಕಾದೆವು. ಅದು ಬರಲಿಲ್ಲ. ಆ ಹೆಣ್ಣುಮಗಳು ಕೋಲನ್ನು ನೆಲಕ್ಕೆ ಇಟ್ಟು ಕೂತರು.

ಫಾರೆಸ್ಟಿನವರು ಪಟಾಕಿ ಹಚ್ಚಿಕೊಂಡು ಇಳಿದು, ಆನೆಯನ್ನು ಆಚೆ ಗುಡ್ಡಕ್ಕೆ ಹತ್ತಿಸಿ, ಅವನನ್ನು ಟಾರ್ಪಾಲಿನಲ್ಲಿ ಹೊತ್ತು ತಂದಾಗ ಹನ್ನೆರಡೂವರೆ. ರೈಟರ್ ಹಿಂದಿನಿಂದ ಕೋವಿ ತಂದ. ಹಿಡಿ ಎರಡು ತುಂಡಾಗಿತ್ತು, ಮುಂದಿನ ಸೈಟು ಮಾತ್ರ ನೆಟ್ಟಗೇ ನಿಂತಿತ್ತು. ನಾನು ಮೊದಲು ನೋಡಿದ್ದು ಅದನ್ನೇ. ಹೆಣ ನೋಡುವ ಮೊದಲು ನನ್ನ ಕೆಲಸ ನೋಡಿದೆ. ಛೀ, ನನ್ನ ಜನ್ಮಕ್ಕಿಷ್ಟು!

ಆ ಹೆಣ್ಣುಮಗಳು ಅಳಲಿಲ್ಲ. ಎದ್ದು ಬಂದು ಇವರ ಎದುರಿಗೆ ನಿಂತರು. "ಬರಲ್ಲ ಅಂದಿದ್ರಲ್ಲ ಅಣ್ಣ" ಎಂದರು. "ನೀನು ಹೇಳೋವರ್ಗೂ ಬರಲ್ಲ ಅಂದಿದ್ರಲ್ಲ."

ಇವರು ಕೈ ಮುಗಿದರು. "ನನ್ ಕೈಯಿಂದ ತಪ್ಪಾಗೋಯ್ತು ಕಣವ್ವ" ಎಂದರು.

ನಾನು ಮೂರಡಿ ದೂರದಲ್ಲಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ, "ಯಾಕಣ್ಣ ಹಂಗಂದ್ರಿ? ತೆಗೆದೋನು ನಾನು" ಎಂದು ಅತ್ತೆ. ಅವರು ರಸ್ತೆಯ ಬದಿಯಲ್ಲಿ ಕೂತರು. ಆಮೇಲೆ, "ರಿಪೇರಿ ಲೈಸೆನ್ಸ್ ಇಲ್ದೋನು ಕೋವಿ ಮುಟ್ಟಿದ ಅಂದ್ರೆ ನಿನ್ನ ಒಳಗಾಕ್ತಾರೆ. ನಿನ್ ಮಕ್ಕಳು ಇನ್ನೂ ಓದ್ತಾ ಅವೆ. ಸುಮ್ನಿರು" ಎಂದರು. ಎದ್ದು ಬೈಕು ಹತ್ತುತ್ತ, "ಕೀ ಕೊಟ್ಟೋನು ನಾನು. ನಿಂಗೆ ವಿಷಯ ಹೇಳ್ದೆ ಹೋಗಿದ್ದೂ ನಾನೇ" ಎಂದರು. ಅಂಗಡಿಗೆ ಬಂದು, ರಿಪೇರಿ ಪುಸ್ತಕ ತೆಗೆದು, ತಾವೇ ಪಿನ್ನು ತೆಗೆದು ಕೊಟ್ಟದ್ದಾಗಿ ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ವಿಚಾರಣೆಗೆ ಬಂದವರಿಗೂ ಅದನ್ನೇ ಹೇಳಿದರು. ಅವತ್ತು ಬಾಗಿಲಲ್ಲಿ ನಿಂತು ನೋಡಿದ್ದ ಇಬ್ಬರೂ ನನ್ನ ಗಿರಾಕಿಗಳು, ಬಾಯಿ ಬಿಡಲಿಲ್ಲ. ಕೇಸೇನೂ ಆಗಲಿಲ್ಲ.

ಆದರೆ ಹೆಂಗಸರಿಗೆ ಸುದ್ದಿ ಮುಟ್ಟಿತು. ಮಾತು ಕೊಟ್ಟು ತಪ್ಪಿದ, ಗಂಡಸು ಗದರಿಸಿದ ಕೂಡಲೆ ಕೊಟ್ಟುಬಿಟ್ಟ ಎಂದು. ಆಮೇಲೆ ಅವರ ಹೊಸಲಲ್ಲಿ ಒಬ್ಬ ಹೆಂಗಸೂ ಬಂದು ನಿಲ್ಲಲಿಲ್ಲ. ಗಂಡಸರು ಬರುತ್ತಿದ್ದರು, ಕೋವಿಗಳು ಬರುತ್ತಿದ್ದವು. ಇವರು ಎರಡೇ ದಿನಕ್ಕೆ ಪಿನ್ನು ತೆಗೆದು ಕೊಡುತ್ತಿದ್ದರು. "ಏನಣ್ಣ, ಈಗ ಭಾರೀ ಸ್ಪೀಡು!" ಎಂದು ಜನ ಹೊಗಳಿದರೆ ತಗಡಿನ ಆಚೆಯಿಂದ ಅರದ ಸದ್ದಷ್ಟೇ ಬರುತ್ತಿತ್ತು. ಆಮೇಲಿನ ಯುಗಾದಿಗೆ ಬಾಗಿಲು ಮುಚ್ಚಿ ಕುಂದೂರಿಗೆ ಹೊರಟುಹೋದರು. ವರ್ಷಕ್ಕೊಂದೆರಡು ಸಲ ನೋಡಲು ಹೋಗುತ್ತಿದ್ದೆ. ರಾಗಿ, ಜೋಳ, ಮಳೆ ಮಾತಾಡುತ್ತಿದ್ದೆವು. ಪ್ರತಿ ಸಲವೂ, ಈ ಸಲ ಹೆತ್ತೂರಿಗೆ ಹೋಗಿ ಆ ಹೆಣ್ಣುಮಗಳಿಗೆ ನಿಜ ಹೇಳಿಬರುತ್ತೇನೆ ಅಂತ ಅವರಿಗೆ ಮಾತು ಕೊಡಬೇಕೆಂದುಕೊಂಡೇ ಹೋಗುತ್ತಿದ್ದೆ. ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಹೀಗೆ ಐದು ವರ್ಷ.

ಮೊನ್ನೆ, ಅವರ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಹೆತ್ತೂರಿಗೆ ಹೋದೆ. ಆಕೆಯೇ ಈಗ ತೋಟ ನೋಡಿಕೊಳ್ಳುತ್ತಾರೆ. ಕಣದಲ್ಲಿ ನಿಂತು ಆಳುಗಳಿಗೆ ಏನೋ ಹೇಳುತ್ತಿದ್ದರು. ನನ್ನ ಗುರುತು ಹಿಡಿದು ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಕೀ ನನ್ನ ಹತ್ತಿರ ಇದ್ದದ್ದು, ಅವರು ಊರಲ್ಲೇ ಇರಲಿಲ್ಲ ಅನ್ನುವುದು, ಪಿನ್ನು ತೆಗೆದವನು ನಾನು, ಅವರು ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಹೇಳುತ್ತ ಹೇಳುತ್ತ ನಾಚಿಕೆ ಬಿಟ್ಟು ಅತ್ತೆ. ಅವರು ಹೋದ ತಿಂಗಳು ತೀರಿಕೊಂಡರು ಎಂದೂ ಹೇಳಿದೆ.

ಆಕೆಗೆ ಆ ಸುದ್ದಿ ಗೊತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲಿಗೆ ಬೀಳುವುದಕ್ಕೆ ನನಗೊಂದು ದಾರಿ ಸಿಗುತ್ತಿತ್ತು.

"ಐದು ವರ್ಷ ದಿನಾ ದೀಪ ಹಚ್ಚುವಾಗ ಆ ಮನುಷ್ಯನಿಗೆ ಶಾಪ ಹಾಕಿದೀನಿ" ಎಂದರು. "ಒಂದಿನಾನೂ ಬಿಟ್ಟಿಲ್ಲ. ಒಂದು ತಿಂಗ್ಳು ಮೊದ್ಲು ಬರಕ್ಕೆ ಆಗ್ಲಿಲ್ವಾ ನಿಂಗೆ?"

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.